ಮಂಡಕ್ಕಿ ತಿಂದ ಫ್ಲಾಪಿ ಡ್ರೈವ್

ರವೀಂದ್ರನಗರದ ಶೀಲಾಗೆ ಹಠ ಅಂದ್ರೆ ಹಠ. ಅದು ಅಪ್ಪನಿಂದ ಬಂದಿದ್ದು. ಭದ್ರಾವತಿಯ ಕಾರ್ಖಾನೆಯಲ್ಲಿ ದುಡೀತಿದ್ದ ರಾಮಚಂದ್ರಪ್ಪ, ಮಗಳು ಚಿಕ್ಕವಳಿದ್ದಾಗ, ಟೀವಿಗೆ ಸಿಕ್ಕಿಸೋ ಕಂಪ್ಯೂಟರೊಂದನ್ನು ಮನೆಗೆ ತಂದಿದ್ದ. "ಹೆಣ್ಣುಹುಡುಗಿಗೆ ಇದೆಲ್ಲ ಯಾಕೋ ಮಾರಾಯ?" ಅಂತ ಕ್ವಾರ್ಟರ್ಸಿನವರು ಆಡಿಕೊಂಡರು. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಪರದೆಯ ಮೇಲೆ ತಾನಾಗೇ ರಂಗೋಲಿ ಬಿಡಿಸೋ ಪ್ರೋಗ್ರಾಂ ಬರೆದು ಫ್ಲಾಪಿಗೆ ಹಾಕಿದ. ಅಪ್ಪ ಹೋದ ಮೇಲೆ ಕಂಪ್ಯೂಟರೂ ಫ್ಲಾಪಿಯೂ ಶೀಲಾಳ ಜೊತೆ ಶಿವಮೊಗ್ಗದ ಗಂಡನ ಮನೆಗೆ ಬಂದವು.

ಕಂಪ್ಯೂಟರಿಗೆ ಗ್ರಹಚಾರ ವಕ್ಕರಿಸಿದ್ದು ಹೋದ ವರ್ಷದ ಆಯುಧಪೂಜೆಯಲ್ಲಿ. ಅತ್ತೆ ಉಚ್ಚಂಗಮ್ಮ ಎಲ್ಲಕ್ಕೂ ಕುಂಕುಮ ಇಟ್ಟರು. ಫ್ಲಾಪಿ ತೂರಿಸೋ ಸಂದಿ ಕಂಡು, "ಪಾಪ, ಬಾಯಿ ಬಿಟ್ಕೊಂಡಿದೆ" ಅಂತ ಬೆಲ್ಲ ಕಲಸಿದ ಮಂಡಕ್ಕಿಯನ್ನೂ ತುರುಕಿಬಿಟ್ಟರು. ಬೆಲ್ಲ ಅಂಟಿತು, ಇರುವೆ ಮುತ್ತಿತು, ಡ್ರೈವ್ ಕೆಟ್ಟು ಕೂತಿತು.

ಗಂಡ ಶಿವಕುಮಾರನಿಗೆ ಅಷ್ಟೇ ಬೇಕಿತ್ತು. "ಓಡದ ಮೆಷಿನ್ನಿಗೆ ನಮ್ಮನೇಲಿ ಪೂಜೆ ಇಲ್ಲ ಮಾರಾಯ್ತಿ. ಮುಂದಿನ ಹಬ್ಬದೊಳಗೆ ಓಡ್ಲಿಲ್ಲ ಅಂದ್ರೆ ಗುಜರಿಗೆ."

"ಓಡಿಸ್ತೀನಿ" ಅಂದಳು ಶೀಲಾ. ಇವರಿಗೆ ಅದು ಬರೀ ಡಬ್ಬ, ಅವಳಿಗೆ ಅಪ್ಪ.

ಅಂಥ ಡ್ರೈವ್ ಈಗೆಲ್ಲಿ ಸಿಗಬೇಕು? ಅಂಗಡಿಯವನು "ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಮೇಡಂ" ಅಂದ. "ಲ್ಯಾಪ್‌ಟಾಪ್ ಕೇಳಿದ್ನಾ ನಾನು?" ಅಂತ ಎದ್ದು ಬಂದಳು. ಕಡೆಗೆ ಆನ್‌ಲೈನಲ್ಲಿ ಒಂದು ಪೆಟ್ಟಿಗೆ ತರಿಸಿದಳು. ಡ್ರೈವ್ ಬಿಚ್ಚಿದ ಜಾಗದಲ್ಲಿ ಅದನ್ನ ಕೂರಿಸಿ ಪೆನ್‌ಡ್ರೈವ್ ಚುಚ್ಚಿದರೆ, ಕಂಪ್ಯೂಟರ್ ಅದನ್ನೇ ಫ್ಲಾಪಿ ಅಂದ್ಕೊಳ್ಳುತ್ತೆ. ಭದ್ರಾವತಿಯಲ್ಲಿ ಅಪ್ಪನ ಗೆಳೆಯ ದೇವರಾಜ್ ಹತ್ತಿರ ಅಂಥದೇ ಹಳೇ ಕಂಪ್ಯೂಟರ್ ಇನ್ನೂ ಓಡ್ತಿತ್ತು. ಅಪ್ಪನ ಫ್ಲಾಪಿಯಲ್ಲಿದ್ದದ್ದನ್ನ ಅವರು ಪೆನ್‌ಡ್ರೈವಿಗೆ ಇಳಿಸಿಕೊಟ್ಟರು.

ಹಬ್ಬದ ಬೆಳಿಗ್ಗೆ ಎಲ್ಲ ಜೋಡಿಸಿ ಸ್ವಿಚ್ ಹಾಕಿದಳು. ಪೆಟ್ಟಿಗೆಯ ದೀಪ ಹತ್ತಿಕೊಂಡೇ ಇತ್ತು, ಪರದೆ ಮಾತ್ರ ಖಾಲಿ. ಅಂಗಳದಲ್ಲಿ ಪೈಪ್ ಹಿಡಿದು ಬೈಕಿಗೆ ಸ್ನಾನ ಮಾಡಿಸ್ತಿದ್ದ ಶಿವಕುಮಾರ್ ಅಲ್ಲಿಂದಲೇ ಕೂಗಿದ. "ಗುಜರಿಯವನಿಗೆ ಹೇಳಿದೀನಿ, ಬರ್ತಾನೆ."

"ಬರ್ಲಿ ಬಿಡಿ."

ಕೇಬಲ್ ಕಿತ್ತು ನೋಡಿದಳು. ಉಲ್ಟಾ ಚುಚ್ಚಿದ್ದಳು. ತಿರುಗಿಸಿ ಹಾಕಿದಳು. ಪರದೆಯ ಮೇಲೆ ಒಂದು ಚುಕ್ಕಿ ಮೂಡಿತು, ಇನ್ನೊಂದು ಮೂಡಿತು, ಗೆರೆ ಎದ್ದಿತು. ಅಪ್ಪನ ರಂಗೋಲಿ. ಶೀಲಾ ಅತ್ತಳು, ಯಾರು ನೋಡಿದರೂ ನೋಡಲಿ ಅಂತಲೇ ಅತ್ತಳು. ಅತ್ತೆ ಬಂದು ಕುಂಕುಮ ಇಟ್ಟು ಮಂಡಕ್ಕಿ ತಟ್ಟೆಗೆ ಕೈ ಹಾಕಿದ್ದೇ ತಡ, ಸೊಸೆ ಪೆಟ್ಟಿಗೆಗೆ ಅಂಗೈ ಅಡ್ಡ ಹಿಡಿದಳು. "ಅತ್ತೆ, ಅದಕ್ಕೆ ಇವತ್ತು ಉಪವಾಸ."

ಹೊರಗೆ ಶಿವಕುಮಾರ್ ಬೈಕಿನ ಕಿಕ್ಕರ್ ತುಳೀತಲೇ ಇದ್ದ. ಪ್ಲಗ್ಗಿಗೆ ನೀರು ಹೊಕ್ಕು ಬೈಕು ಮಿಸುಕಲಿಲ್ಲ. ಅಷ್ಟರಲ್ಲಿ ತಳ್ಳುಗಾಡಿ ಗೇಟಿನ ಹತ್ತಿರ ಬಂದು ನಿಂತಿತು.

"ಅಕ್ಕಾ, ಗುಜರಿಗೆ ಹಾಕೋದು ಯಾವುದು?"

ಶೀಲಾ ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದಳು. "ಯಜಮಾನ್ರನ್ನೇ ಕೇಳಪ್ಪ. ನಮ್ಮನೇಲಿ ಓಡದೇ ಇರೋದು ಈಗ ಅಂಗಳದಲ್ಲಿದೆ."