ನಮ್ಮತ್ತೆಗೆ ಬಸ್ಸು ಆಗುತ್ತಿರಲಿಲ್ಲ

ನಮ್ಮ ಸೋದರತ್ತೆಯ ಎಡಗೆನ್ನೆ ಉಬ್ಬಿದೆ ಎಂದರೆ ಅವರು ಎಲ್ಲಿಗೋ ಹೊರಟಿದ್ದಾರೆ ಎಂದೇ ಅರ್ಥ. ಉಪ್ಪು ಹಾಕಿ ಬಿಸಿಲಿಗೆ ಒಣಗಿಸಿದ ನೆಲ್ಲಿಕಾಯಿ ಚೂರೊಂದನ್ನು ಅಲ್ಲಿ ಸೇರಿಸಿಕೊಂಡು, ಸೆರಗಿನ ತುದಿಯನ್ನು ಮೂಗಿಗೆ ಹಿಡಿದು, ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂರುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನವರೆಗೆ ಇಳಿದಿರುತ್ತಿತ್ತು. ಯಾರಾದರೂ ಮಾತನಾಡಿಸಿದರೆ ಸುಮ್ಮನಿರಿ ಎಂದು ಕೈ ಎತ್ತುವರು. ಬಾಯಿ ತೆರೆದರೆ ಏನಾಗುತ್ತದೆ ಎಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಭದ್ರಾವತಿಯಿಂದ ಶಿವಮೊಗ್ಗದ ವಿದ್ಯಾನಗರಕ್ಕೆ, ನನ್ನ ತವರುಮನೆಗೆ, ಬಸ್ಸಿನಲ್ಲಿ ಬರುವುದು ಎಷ್ಟು ಹೊತ್ತಿನ ಮಾತು? ಜನ ಒಂದು ಕೋಳಿನಿದ್ದೆ ತೆಗೆಯುವಷ್ಟರಲ್ಲಿ ಬಂದುಬಿಡುತ್ತಾರೆ. ಅತ್ತೆ ಆ ದಾರಿಯನ್ನು ತುಂಡು ತುಂಡು ಮಾಡಿಕೊಂಡು ಬರುತ್ತಿದ್ದರು. ವಾಂತಿಯ ಮುನ್ಸೂಚನೆಯಾಗಿ ಮೊದಲ ಆಕಳಿಕೆ ಬಂದ ಕೂಡಲೇ ಮುಂದಿನ ಸ್ಟಾಪಿನಲ್ಲಿ ಇಳಿದುಬಿಡುವುದು, ಯಾವುದಾದರೂ ಅಂಗಡಿಯ ಮುಂದೆ ಕೂತು ಗಾಳಿ ಕುಡಿಯುವುದು, ಹೊಟ್ಟೆ ಸಮಾಧಾನವಾದ ಮೇಲೆ ಇನ್ನೊಂದು ಬಸ್ಸು ಹತ್ತುವುದು. ಮಾಚೇನಹಳ್ಳಿಯ ಟೀ ಅಂಗಡಿಯಾಕೆ ಇವರನ್ನು ಕಂಡ ಕೂಡಲೇ ಕುರ್ಚಿ ತಂದಿಡುವಷ್ಟು ಗೆಳತಿಯಾಗಿದ್ದಳು. ರೈಲು ಮಾತ್ರ ಅತ್ತೆಗೆ ಆಗುತ್ತಿತ್ತು. ಅದೇಕೆ ಎಂದು ಯಾರಿಗೂ ಗೊತ್ತಿಲ್ಲ.

ನನಗೆ ಗಂಡು ನೋಡುವಾಗ ಮನೆಯವರೆಲ್ಲ ಹುಡುಗನ ಕೆಲಸ, ತೋಟ ಎಂದು ವಿಚಾರಿಸುತ್ತಿದ್ದರೆ, ಅತ್ತೆ ತಮ್ಮ ಅಣ್ಣನನ್ನು, ಅಂದರೆ ನಮ್ಮ ಅಪ್ಪನನ್ನು ಕೇಳಿದ್ದು ಒಂದೇ ಮಾತು: "ಅಣ್ಣಾ, ಆ ಊರಲ್ಲಿ ರೈಲು ನಿಲ್ಲುತ್ತಾ?" ಕುಂಸಿಯ ಸಂಬಂಧ ಬಂದಿತ್ತು. ನಿಲ್ಲುತ್ತೆ ಎಂದು ಅಪ್ಪ ಹೇಳಿದ್ದೇ ತಡ, "ಹಂಗಾದ್ರೆ ಒಳ್ಳೆ ಮನೆತನ, ಮಾಡಿ ಮುಗಿಸಿ" ಎಂದರು. ಇದನ್ನು ಹೇಳಿಕೊಂಡು ನನ್ನ ಗಂಡ ಇವತ್ತಿಗೂ ನಗುತ್ತಾರೆ.

ಇಂಥ ಅತ್ತೆಗೆ ಸಿಕ್ಕ ಗಂಡನಿಗೋ ಕಾಲಲ್ಲಿ ಚಕ್ರ. ಮಾವ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ರಜೆ ಸಿಕ್ಕರೆ ಸಾಕು, ಜೊತೆಯ ಕೆಲಸಗಾರರೊಂದಿಗೆ ವ್ಯಾನು ಮಾಡಿಕೊಂಡು ಮಧುರೆ, ಶ್ರೀಶೈಲ, ಪಂಢರಪುರ ಎಂದು ಹೊರಟುಬಿಡುವರು. ಬಂದ ಮೇಲೆ ಕ್ವಾರ್ಟರ್ಸಿನ ಜಗಲಿಯಲ್ಲಿ ಕೂತು, ನೋಡಿದ್ದನ್ನೆಲ್ಲ ಹೆಂಡತಿಗೆ ವರ್ಣಿಸುವರು. ಸುಳ್ಳು ಹೇಳಬಾರದು, ಚೆನ್ನಾಗಿಯೇ ವರ್ಣಿಸುತ್ತಿದ್ದರು. ಅತ್ತೆ ಅಕ್ಕಿ ಆರಿಸುತ್ತ ಹೂಂ, ಹೂಂ ಎಂದು ಕೇಳುವರು. ಇಬ್ಬರೂ ಒಟ್ಟಿಗೆ ಬಸ್ಸು ಹತ್ತಲೇಬೇಕಾಗಿ ಬಂದಾಗ ಮಾತ್ರ ಮಾವ ಹಿಂದಿನ ಸೀಟಿನಲ್ಲೆಲ್ಲೋ, ಪರಿಚಯವೇ ಇಲ್ಲದವರ ಹಾಗೆ ಕೂತುಬಿಡುತ್ತಿದ್ದರು. "ಎಲ್ಲಾ ಮನಸ್ಸಿಂದು. ಮನಸ್ಸು ಗಟ್ಟಿ ಮಾಡ್ಕಂಡ್ರೆ ಏನೂ ಆಗಲ್ಲ" ಎನ್ನುವುದು ಅವರ ಉಪದೇಶ. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಅತ್ತೆಗೆ ಉರಿಯುತ್ತಿತ್ತೋ ಇಲ್ಲವೋ, ತೋರಿಸಿಕೊಳ್ಳುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ನಮ್ಮ ತಾರಸಿಯ ಮೇಲೆ ಹಪ್ಪಳ ಹರವುತ್ತಿದ್ದಾಗ ಅವರು ಇದ್ದಕ್ಕಿದ್ದಂತೆ ಹೇಳಿದರು: "ಊರೆಲ್ಲ ಇವರ ಬಾಯಲ್ಲಿ ಕೇಳಿ ಕೇಳಿ ಗೊತ್ತಾಗೋಯ್ತು ಮಾರಾಯ್ತಿ. ಒಂದೇ ಒಂದು ಊರು, ಇವರು ಹೇಳೋಕೆ ಮುಂಚೆ, ಇವರ ಪಕ್ಕದಲ್ಲೇ ನಿಂತ್ಕಂಡು ನಾನು ನೋಡ್ಬೇಕು. ಆಮೇಲೆ ಎಲ್ಲಿಗೂ ಕರೀಬೇಡಿ." ಅಷ್ಟು ಹೇಳಿ ಮತ್ತೆ ಹಪ್ಪಳ ತಿರುವಿ ಹಾಕತೊಡಗಿದರು. ನನಗೆ ಸಂಕಟವಾಯಿತು. ಅವತ್ತೇ ಈ ಮಾತನ್ನು ಅವರ ಮಗಳಿಗೆ ಮುಟ್ಟಿಸಿದೆ.

ಮಗಳದು ಸವಳಂಗ ರಸ್ತೆಯಲ್ಲಿ ಮೆಡಿಕಲ್ ಶಾಪು. ಅವಳಿಗೆ ಹೊಳೆದದ್ದು ಹಡಗು. ಸಮುದ್ರದಲ್ಲಿ ತಿರುವಿಲ್ಲ, ರೋಡ್ ಹಂಪ್ ಇಲ್ಲ, ಡೀಸೆಲ್ ವಾಸನೆಯಿಲ್ಲ. ಮುಂಬೈವರೆಗೆ ರೈಲು, ಅಲ್ಲಿಂದ ಹಡಗಿನಲ್ಲಿ ಗೋವಾ, ಕೊಚ್ಚಿ ನೋಡಿ ಮತ್ತೆ ಮುಂಬೈ. ತಂದೆ ತಾಯಿಗೆ ಟಿಕೆಟ್ ಮಾಡಿಸಿ, ಅಂಗಡಿ ಬಿಟ್ಟು ಬರಲಾಗದ್ದರಿಂದ ಜೊತೆಗೆ ನನ್ನನ್ನು ಹೊರಡಿಸಿದಳು. ನಾನು ಹೈಸ್ಕೂಲು ಟೀಚರು, ದಸರಾ ರಜೆ ಇತ್ತು. ಜನರನ್ನು ಸಾಲಾಗಿ ನಿಲ್ಲಿಸಿ ಕರೆದುಕೊಂಡು ಹೋಗುವುದೆಂದರೆ ನನಗೂ ಇಷ್ಟವೇ.

ತೊಡಕು ಬಂದಿದ್ದು ಬಂದರುಗಳಲ್ಲಿ. ಹಡಗಿನಿಂದ ಇಳಿದವರಿಗೆ ಊರು ತೋರಿಸುವ ವ್ಯವಸ್ಥೆಯೆಲ್ಲ ಬಸ್ಸಿನದೇ. ಟಿಕೆಟ್ ಮಾಡಿಕೊಟ್ಟ ಏಜೆಂಟ್, "ಎಸಿ ಬಸ್ಸು ಅಮ್ಮಾ, ಕೂತಿದ್ದೇ ಗೊತ್ತಾಗಲ್ಲ" ಎಂದ. ಅತ್ತೆ ಅವನನ್ನು ಕನಿಕರದಿಂದ ನೋಡಿ, "ನಿಂಗೆ ಗೊತ್ತಾಗಲ್ಲಪ್ಪ, ನನ್ನ ಹೊಟ್ಟೆಗೆ ಗೊತ್ತಾಗುತ್ತೆ" ಎಂದರು. ಮಗಳು ಮಾತ್ರೆ ಕೊಡಲು ಬಂದಳು. ಅದನ್ನು ನುಂಗಿದರೆ ಅತ್ತೆಗೆ ತಡೆಯಲಾರದ ನಿದ್ದೆ. "ಮಲಗೋಕೆ ಕೊಚ್ಚಿಗೆ ಯಾಕೆ ಹೋಗ್ಬೇಕು? ಭದ್ರಾವತಿಲೇ ಮಲಗ್ತೀನಿ" ಎಂದು ಅದನ್ನೂ ತಳ್ಳಿಹಾಕಿದರು.

ಕೊನೆಗೆ ಅತ್ತೆಯ ಹಳೆಯ ವಿದ್ಯೆಯನ್ನೇ ಹಿಡಿದೆವು, ತುಂಡು ಮಾಡುವುದು. ಭಾನುವಾರಗಳಂದು ಮೊಬೈಲಿನಲ್ಲಿ ನಕಾಶೆ ತೆರೆದು ಕೂತೆವು. ಗೋವಾದಲ್ಲಿ ಬಂದರಿನ ಹತ್ತಿರವೇ ರೈಲ್ವೆ ಸ್ಟೇಷನ್ನು, ಮಡಗಾಂವ್‌ವರೆಗೆ ರೈಲಿನಲ್ಲಿ ಹೋಗಿ ಬರುವುದು. ಕೊಚ್ಚಿಯಲ್ಲಿ ಜೆಟ್ಟಿಯವರೆಗೆ ಆಟೊ, ಅಲ್ಲಿಂದ ದೋಣಿ, ಆಮೇಲೆ ಕಾಲ್ನಡಿಗೆ. ಆಟೊದಲ್ಲಿ ಎಷ್ಟು ದೂರ ತಡೆಯುತ್ತಾರೆ ಎಂದು ನೋಡಲು ವಿದ್ಯಾನಗರದಿಂದ ಸವಳಂಗ ರಸ್ತೆಯವರೆಗೆ ಅವರನ್ನು ಕೂರಿಸಿಕೊಂಡು ಹೋದೆ. ಅತ್ತೆ ಒಮ್ಮೆಯೂ ಆಕಳಿಸಲಿಲ್ಲ. ಇಳಿದವರೇ, "ಪಾಸಾದೆನೇನೇ ಟೀಚರಮ್ಮ?" ಎಂದು ಕೇಳಿದರು.

ಹಡಗಿನಲ್ಲಿ ನಡೆದಿದ್ದೇ ಬೇರೆ. ಮೊದಲ ಬೆಳಿಗ್ಗೆ ನಾನು ಅವರ ಕೋಣೆಗೆ ಹೋದಾಗ ಅತ್ತೆ ಸ್ನಾನ ಮಾಡಿ, ನೆಲದ ಮೇಲೆ ಟವಲು ಹಾಸಿಕೊಂಡು ಇಷ್ಟಲಿಂಗ ಪೂಜೆಗೆ ಕೂತಿದ್ದರು. ಹಡಗು ತೂಗಿದ ಹಾಗೆ ತಾವೂ ಹಿತವಾಗಿ ತೂಗುತ್ತಿದ್ದರು. ಹಾಸಿಗೆಯಲ್ಲಿ ಮಾವ ಹಿಂಡಿದ ಬಟ್ಟೆಯ ಹಾಗೆ ಬಿದ್ದಿದ್ದರು, ಪಕ್ಕದಲ್ಲಿ ಬಕೆಟ್ಟು. ದೇಶ ಸುತ್ತಿದ ಮನುಷ್ಯನಿಗೆ ಸಮುದ್ರ ಆಗಲಿಲ್ಲ. ನಗು ಬಂತು, ಆದರೆ ಅವರ ಮುಖ ನೋಡಿ ನುಂಗಿಕೊಂಡೆ. ಅತ್ತೆ ಪೂಜೆ ಮುಗಿಸಿ, ಗಂಡನ ಬೆನ್ನು ಸವರಿ, ನೆಲ್ಲಿಕಾಯಿ ಚೂರೊಂದನ್ನು ಅವರ ಬಾಯಿಗಿಟ್ಟರು. ಮಾವ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ನಿಂಗೆ ಪ್ರತಿ ಸಲಾನೂ ಹಿಂಗೇ ಆಗ್ತಿತ್ತಾ?"

"ಹೂಂ. ಮಾತಾಡ್ಬೇಡಿ, ಮಲಗಿ."

ಗೋವಾದಲ್ಲಿ ನಾವು ಇಳಿಯಲಿಲ್ಲ. ನಾನು ಎಷ್ಟು ಕರೆದರೂ ಅತ್ತೆ ಹೊರಡಲಿಲ್ಲ. "ಪಕ್ಕದಲ್ಲಿ ಇವರಿಲ್ದೆ ನೋಡೋಕೆ ನಾನೊಬ್ಬಳೇ ಬರಬಹುದಿತ್ತಲ್ಲ" ಎಂದು ಗಂಜಿ ತರಿಸಲು ಹೋದರು. ಇನ್ನು ಉಳಿದಿದ್ದು ಕೊಚ್ಚಿ ಒಂದೇ.

ಕೊಚ್ಚಿಯ ಹೊತ್ತಿಗೆ ಮಾವ ಎದ್ದು ಓಡಾಡುವಂತಾಗಿದ್ದರು. ಮೂವರೂ ಇಳಿದೆವು. ನೋಡಿದರೆ, ಬಂದರಿನ ಒಳಗೆ ಯಾರೂ ನಡೆದು ಹೋಗುವಂತಿಲ್ಲ, ಆಟೊ ಒಳಗೆ ಬರುವಂತಿಲ್ಲ. ಗೇಟಿನವರೆಗೆ ಅವರ ಬಸ್ಸನ್ನೇ ಹತ್ತಬೇಕು! ನನ್ನ ಅಷ್ಟೂ ಭಾನುವಾರಗಳ ಯೋಜನೆಯಲ್ಲಿ ಇದೊಂದು ಇರಲಿಲ್ಲ. ಕಿಟಕಿ ತೆಗೆಯಲಾಗದ ಬಸ್ಸು, ಒಳಗೆ ಘಮ್ಮೆನ್ನುವ ಸೆಂಟಿನ ವಾಸನೆ. ಅತ್ತೆ ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದರು. ಹಿಂದೆ ಜನ ಕಾಯುತ್ತಿದ್ದರು.

"ನೀವಿಬ್ಬರೂ ಹೋಗ್ಬನ್ನಿ. ನಾನು ಹಡಗಲ್ಲೇ ಇರ್ತೀನಿ. ಬಂದು ಹೇಳಿ, ಕೇಳ್ತೀನಿ" ಎಂದರು ಅತ್ತೆ. ಮದುವೆಯಾದಾಗಿನಿಂದ ಹೇಳಿ ಹೇಳಿ ಅಭ್ಯಾಸವಾದ ಮಾತು, ಸಲೀಸಾಗಿ ಬಂತು. ನನಗೆ ಅಳು ಬಂದುಬಿಟ್ಟಿತು.

ವಾಂತಿಗೆಂದು ಅತ್ತೆ ಹಿಡಿದುಕೊಂಡಿದ್ದ ಪ್ಲಾಸ್ಟಿಕ್ ಕವರನ್ನು ಆಗ ಮಾವ ಅವರ ಕೈಯಿಂದ ತೆಗೆದುಕೊಂಡರು. "ತಾ ಇಲ್ಲಿ. ನಾನು ಹಿಡ್ಕಂತೀನಿ. ಆದ್ರೆ ಆಗ್ಲಿ, ನಡಿ."

"ಎಲ್ಲಾರೂ ನೋಡ್ತಾರೆ ಕಣ್ರೀ."

"ನೋಡ್ಲಿ. ಅವರಿಗೇನು ಹೊಟ್ಟೆ ಇಲ್ವಾ?"

ಮುಂದಿನ ಸೀಟಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಗೇಟು ಬರುವ ಮೊದಲೇ ಆಗಿಹೋಯಿತು. ಯಾರೋ ಮೂಗು ಮುಚ್ಚಿಕೊಂಡರು. ಮಾವ ಒಂದು ಕೈಯಲ್ಲಿ ಕವರು, ಇನ್ನೊಂದು ಕೈಯಲ್ಲಿ ಹೆಂಡತಿಯ ಹಣೆ ಹಿಡಿದುಕೊಂಡು ಆತನನ್ನೇ ದುರುಗುಟ್ಟಿ ನೋಡಿದರು. ಗೇಟಿನ ಹತ್ತಿರ ಇಳಿದು, ಅತ್ತೆಗೆ ಬಾಯಿ ಮುಕ್ಕಳಿಸಲು ನೀರು ಕೊಟ್ಟು, ತಮ್ಮ ಹೆಗಲ ಮೇಲಿನ ಟವಲಿನಿಂದ ಅವರ ಮುಖ ಒರೆಸಿದರು. ಅತ್ತೆ ಆಚೀಚೆ ನೋಡಿ, "ಇಷ್ಟೇನಾ? ಎಲ್ಲಿ ನಿನ್ನ ಆಟೊ?" ಎಂದು ನನ್ನನ್ನು ಕೇಳಿದರು.

ದೋಣಿಯಲ್ಲಿ ಅತ್ತೆ ಮುಂದೆ, ಗಾಳಿಗೆ ಎದುರಾಗಿ ನಿಂತರು. ಮಾವನಿಗೆ ನೀರು ಕಂಡರೇ ಹೆದರಿಕೆ ಹತ್ತಿತ್ತು. ಕಂಬಿ ಹಿಡಿದು, ಕಣ್ಣು ಗಟ್ಟಿಯಾಗಿ ಮುಚ್ಚಿ ಅವರ ಪಕ್ಕದಲ್ಲೇ ನಿಂತಿದ್ದರು. ಅತ್ತೆ ಹೇಳುತ್ತಾ ಹೋದರು. "ಎದುರಿಗೆ ದಡದಲ್ಲಿ ಭಾರಿ ದೊಡ್ಡ ಬಲೆ ಕಣ್ರೀ. ಉದ್ದುದ್ದ ಮರ ಕಟ್ಟಿದಾರೆ. ಅಡಿಕೆ ಕೊಯ್ಯೋ ದೋಟಿ ಬಗ್ಗಿಸಿದಂಗೆ ಬಗ್ಗಿಸಿ ನೀರಿಗೆ ಇಳಿಸ್ತಾರೆ. ಈಗ ಎತ್ತಿದ್ರು. ಅಯ್ಯೋ, ಒಂದು ಹಿಡಿ ಮೀನೂ ಇಲ್ಲ!" ಮಾವ ಹೂಂ, ಹೂಂ ಎನ್ನುತ್ತಿದ್ದರು. ಆಚೆ ದಡದಲ್ಲಿ ದೊಡ್ಡ ಮರಗಳ ನೆರಳಿನ ಬೀದಿಗಳಲ್ಲಿ ಅವರಿಬ್ಬರೂ ಅಕ್ಕಪಕ್ಕ ನಡೆದರು, ಖಾರ ಹಚ್ಚಿದ ಅನಾನಸು ತಿಂದರು. ನಾನು ಬೇಕೆಂದೇ ಹಿಂದೆ ಉಳಿದೆ. ಅಷ್ಟು ಸಂತೋಷ ನನಗೆ ನನ್ನ ಯಾವ ಪ್ರವಾಸದಲ್ಲೂ ಆಗಿರಲಿಲ್ಲ.

ನಮ್ಮ ಶಾಲೆಯ ಪ್ರವಾಸದಲ್ಲಿ ಈಗ ವಾಂತಿಯಾಗುವ ಮಕ್ಕಳ ಪಕ್ಕದಲ್ಲಿ ನಾನೇ ಕೂರುತ್ತೇನೆ. ಮನಸ್ಸು ಗಟ್ಟಿ ಮಾಡಿಕೋ ಎಂದು ಯಾರಿಗೂ ಹೇಳುವುದಿಲ್ಲ. ಇದನ್ನು ನನಗೆ ಕಲಿಸಿದವರು ಅತ್ತೆ.

ಹೋದ ವರ್ಷ ಅವರಿಗೆ ಎದೆನೋವು ಬಂದು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಹೆಚ್ಚು ನರಳಲಿಲ್ಲ, ಒಂದು ಮಧ್ಯಾಹ್ನ ಹೋಗಿಬಿಟ್ಟರು. ಭದ್ರಾವತಿಗೆ ಕರೆದೊಯ್ಯಲು ಆಂಬುಲೆನ್ಸ್ ತರಿಸಿದೆವು. ಮುಂದೆ ಕೂತ್ಕೊಳ್ಳಿ ಎಂದು ಎಷ್ಟು ಹೇಳಿದರೂ ಕೇಳದೆ ಮಾವ ಹಿಂದೆ ಹತ್ತಿ, ಅವರ ತಲೆಯ ಹತ್ತಿರ ಕೂತರು. ನಾನು ಎದುರಿಗಿದ್ದೆ. ಗಾಡಿ ಊರು ದಾಟಿ ವೇಗ ಹಿಡಿಯಿತು. ಮಾವ ಅಂಗೈಯನ್ನು ಅತ್ತೆಯ ಹಣೆಯ ಮೇಲಿಟ್ಟು, ಇನ್ನೊಂದು ಕೈಯಿಂದ ಡ್ರೈವರನ ಹಿಂದಿನ ಗಾಜನ್ನು ತಟ್ಟಿದರು.

"ಸ್ವಲ್ಪ ನಿಧಾನ ಓಡ್ಸಪ್ಪ. ಇವಳಿಗೆ ಗಾಡಿ ಆಗಲ್ಲ."

ಡ್ರೈವರ್ ತಿರುಗಿ ನೋಡಿದ. ಭದ್ರಾವತಿಯವರೆಗೂ ನಿಧಾನವಾಗಿಯೇ ಓಡಿಸಿದ.