ತೊಳೆದ ಕಾಲನ್ನು ತೊಳೆಯುವವರು

ಕ್ರಿಸಾಂತಾ ತಕ್ಸಗೊನ್ ಪವಿತ್ರ ಗುರುವಾರ, ಗುಡ್ ಫ್ರೈಡೆಯ ಹಿಂದಿನ ದಿನ, ಸಂಜೆ ತೀರಿಕೊಂಡಳು. ಅರವತ್ತೆಂಟು ವರ್ಷವಾಗಿತ್ತು. ಹೃದಯದ ಕಾಯಿಲೆ. ಗುರುವಾರದ ಪೂಜೆಯಿಂದ ಶನಿವಾರದ ಜಾಗರಣೆಯವರೆಗೆ ಚರ್ಚಿನ ಗಂಟೆ ಹೊಡೆಯುವಂತಿಲ್ಲ, ಸತ್ತವರಿಗೆ ಪೂಜೆಯೂ ಇಲ್ಲ. ಹಾಗಾಗಿ ಅವಳಿಗೆ ಗಂಟೆ ಬಾರಿಸಲಿಲ್ಲ. ನಾಲ್ಕು ದಿನ ತನ್ನ ಮನೆಯ ಮುಂಗೋಣೆಯಲ್ಲಿ ಪೆಟ್ಟಿಗೆಯೊಳಗೆ ಕಾದಳು. ಭಾನುವಾರ ಹಬ್ಬ, ಸೋಮವಾರ ಮಣ್ಣು ಮಾಡಿದೆವು.

ಚರ್ಚಿನ ಮಂಡಳಿಯವರು ಆಳೆತ್ತರದ ಹೂವಿನ ಚಕ್ರ ಕಳಿಸಿದ್ದರು. ಅದರ ಪಟ್ಟಿಯ ಮೇಲೆ ‘ಬಡವರ ತಾಯಿ’ ಎಂದು ಬಂಗಾರದ ಬಣ್ಣದ ಅಕ್ಷರ. ಫಾದರ್ ಎರ್ವಿನ್ ತಮ್ಮ ಪ್ರಸಂಗದಲ್ಲಿ ಪ್ರೀತಿ ಎಂಬ ಪದವನ್ನು ಹತ್ತೊಂಬತ್ತು ಸಲ ಬಳಸಿದರು. ನಲವತ್ತು ವರ್ಷ ಶಾಲೆಯಲ್ಲಿ ಮಕ್ಕಳ ಪ್ರಬಂಧ ತಿದ್ದಿದವಳು ನಾನು, ಇಂಥವನ್ನು ಎಣಿಸುವ ಚಾಳಿ. ದೊಲ್ಪೊ ಎಂಬ ಹೆಸರು ಒಂದು ಸಲವೂ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕ್ರಿಸಾಂತಾ ನನ್ನ ಬೆಂಚಿನವಳು. ಆರನೇ ತರಗತಿಗೇ ಶಾಲೆ ಬಿಟ್ಟಳು. ಮಾರ್ಕೆಟ್ಟಿನ ಒಣಮೀನಿನ ಸಾಲಿನ ಕೊನೆಯಲ್ಲಿ ಒಂದು ಗಿಡ್ಡ ಸ್ಟೂಲು, ಒಂದು ನೀಲಿ ಬೇಸಿನ್ನು, ಉಗುರು ಕತ್ತರಿಸುವ ಕತ್ತರಿ, ಹಿಮ್ಮಡಿ ಉಜ್ಜುವ ಕಲ್ಲು ಇಟ್ಟುಕೊಂಡು ಹೆಂಗಸರ ಕಾಲು ತೊಳೆದು ಉಗುರಿಗೆ ಬಣ್ಣ ಹಚ್ಚುವುದು ಅವಳ ಕೆಲಸ. ಊರಿಗೆಲ್ಲ ಅವಳು ಮನಾಂಗ್, ಅಕ್ಕ. ಮುಖ ನೋಡಿ ಮೋಸ ಹೋಗಬಹುದು, ಹಿಮ್ಮಡಿ ನೋಡಿ ಹೋಗಲಾಗದು ಎನ್ನುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಪತ್ರಿಕೆ ಓದಿ ಹೇಳುತ್ತಿದ್ದೆ. ಮಂತ್ರಿಗಳ ಭಾಷಣಕ್ಕೆ ಅವಳು ನಗುತ್ತಿದ್ದಷ್ಟು ನಗೆಚಟಾಕಿಗೆ ನಗುತ್ತಿರಲಿಲ್ಲ.

ಕೊನೆಯ ಊಟದ ರಾತ್ರಿ ಸ್ವಾಮಿ ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ, ಪವಿತ್ರ ಗುರುವಾರ ನಮ್ಮ ಚರ್ಚಿನಲ್ಲಿ ಹನ್ನೆರಡು ಗಂಡಸರು ನಿಲುವಂಗಿ ತೊಟ್ಟು ಆ ಶಿಷ್ಯರಾಗಿ, ಪ್ರೇಷಿತರಾಗಿ, ಪೀಠದ ಮುಂದೆ ಕೂರುತ್ತಾರೆ. ಗುರುಗಳು ಮೊಣಕಾಲೂರಿ ಅವರ ಕಾಲು ತೊಳೆದು ಮುತ್ತಿಡುತ್ತಾರೆ. ಹನ್ನೆರಡೂ ಜನ ಬಡವರಾಗಿರಬೇಕೆಂಬುದು ಹಿಂದಿನವರ ಕಟ್ಟಳೆ. ಮೂವತ್ತು ವರ್ಷದ ಕೆಳಗೆ ಒಮ್ಮೆ, ಮೀನುಗಾರರ ಕಾಲಿನ ಕೆಸರಿಗೆ ನೀರು ಕಪ್ಪಾಗಿ, ಸನ್ಯಾಸಿನಿಯರು ಕಸೂತಿ ಹಾಕಿದ ಬಿಳಿ ಟವೆಲು ಹಾಳಾಯಿತು. ಮಂಡಳಿ ಸಭೆ ಸೇರಿತು. ಮುಂದಿನ ವರ್ಷದಿಂದ ಕ್ರಿಸಾಂತಾಳನ್ನು ಚರ್ಚಿನ ಹಿಂದಿನ ನಲ್ಲಿಯ ಬಳಿ ಕೂರಿಸಿದರು. ಹನ್ನೆರಡು ಜನರ ಕಾಲನ್ನು ಅವಳು ಸೋಪು ಹಾಕಿ ಉಜ್ಜಿ ಉಗುರು ಕತ್ತರಿಸಿ ಒಳಗೆ ಕಳಿಸುವುದು, ಒಳಗೆ ಗುರುಗಳು ಆ ತೊಳೆದ ಕಾಲನ್ನು ತೊಳೆಯುವುದು. ನೋಡುವವರು ಕಣ್ಣು ಒರೆಸಿಕೊಳ್ಳುವುದು. ಇದರಲ್ಲಿ ಏನೋ ಎಡವಟ್ಟಾಗಿದೆ ಎಂದು ಮೂವತ್ತು ವರ್ಷ ಯಾರಿಗೂ ಅನ್ನಿಸಲಿಲ್ಲ. ಪೀಠದ ಪಕ್ಕ ನಿಂತು ಪಾಠ ಓದುತ್ತಿದ್ದ ನನಗೆ ಅನ್ನಿಸಿತ್ತು. ಬಾಯಿ ಬಿಡಲಿಲ್ಲ. ಓದುವ ಜಾಗ ಹೋದೀತು ಎಂಬ ಭಯ, ಅಷ್ಟೇ.

ಬಡ ಪ್ರೇಷಿತರು ಒಬ್ಬೊಬ್ಬರಾಗಿ ಸತ್ತರು. ಅವರ ಕುರ್ಚಿಗೆ ಸಿಮೆಂಟಿನ ಅಂಗಡಿಯವರು, ವಕೀಲರು, ಚರ್ಚಿನ ಚಾವಣಿಗೆ ತಗಡು ಕೊಟ್ಟವರು ಬಂದು ಕೂತರು. ಉಳಿದವನು ದೊಲ್ಪೊ ಒಬ್ಬನೇ. ಸೀಳಿದ ಬಿದಿರಿನಲ್ಲಿ ಸಮುದ್ರದ ನೀರನ್ನು ಒಣಗಿಸಿ ಉಪ್ಪು ಮಾಡುವವನು. ಅವನು ಉಳಿದದ್ದೂ ಯಾರ ದಯೆಯಿಂದಲೂ ಅಲ್ಲ. ಅವನದು ಯೂದನ ಕುರ್ಚಿ. ಹಳದಿ ನಿಲುವಂಗಿ ತೊಟ್ಟು ಸ್ವಾಮಿಯನ್ನು ಹಿಡಿದುಕೊಟ್ಟವನಾಗಿ ಕೂರಲು ಯಾವ ವಕೀಲನೂ ಒಪ್ಪಲಿಲ್ಲ.

ದೊಲ್ಪೊಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ವರ್ಷಕ್ಕೊಂದು ದಿನ ಊರು ತನ್ನನ್ನು ಮುಟ್ಟುತ್ತದೆ ಎನ್ನುತ್ತಿದ್ದ. ಉಪ್ಪುನೀರು ಅವನ ಕಾಲು ತಿಂದಿತ್ತು. ಆಮೇಲೆ ಸಕ್ಕರೆ ಕಾಯಿಲೆ ಸೇರಿ ಎರಡು ಬೆರಳು ಹೋದವು, ಪಾದದಡಿ ಹುಣ್ಣಾಯಿತು. ವಾರಕ್ಕೆರಡು ಸಲ ಕ್ರಿಸಾಂತಾ ಅವನ ಗುಡಿಸಲಿಗೆ ಹೋಗಿ ಹುಣ್ಣು ತೊಳೆದು ಬಟ್ಟೆ ಕಟ್ಟಿ ಬರುತ್ತಿದ್ದಳು. ನಿನ್ನ ಹೃದಯ ದುರ್ಬಲ, ಬಗ್ಗಿ ಕೂರಬೇಡ, ನೀರು ಹೊರಬೇಡ ಎಂದು ಡಾಕ್ಟರು ಅವಳಿಗೆ ಹೇಳಿದ ಮೇಲೂ ಬಿಡಲಿಲ್ಲ.

ಈ ವರ್ಷ ಮಂಡಳಿಯ ಅಧ್ಯಕ್ಷೆ ಮ್ಯಾಡಂ ಪುರೀಟಾ ಮಾರ್ಕೆಟ್ಟಿಗೇ ಬಂದರು. ನಾನೂ ಅಲ್ಲೇ ಇದ್ದೆ.

"ಮನಾಂಗ್, ಈ ಸಲ ದೊಲ್ಪೊ ಬೇಡ. ಫೋನಲ್ಲಿ ಲೈವ್ ಹೋಗುತ್ತೆ. ದುಬೈ, ರೋಮಲ್ಲಿರೋ ನಮ್ಮ ಮಕ್ಕಳೆಲ್ಲ ನೋಡ್ತಾರೆ."

"ನೋಡ್ಲಿ ಬಿಡಿ. ಫೋನಲ್ಲಿ ವಾಸನೆ ಹೋಗುತ್ತಾ ಮ್ಯಾಡಂ?"

"ತಮಾಷೆ ಬೇಡ. ಅವನಿಗೆ ಒಂದು ಚೀಲ ಅಕ್ಕಿ ಕಳಿಸ್ತೀವಿ. ಪ್ರೀತಿ ಅಂದ್ರೆ ಅದೇ ಅಲ್ವಾ?"

"ಅಕ್ಕಿ ಅವನ ಕಾಲು ತೊಳೆಯಲ್ಲ ಮ್ಯಾಡಂ."

ಯೂದನ ಕುರ್ಚಿಗೆ ರಸ್ತೆ ಕಂಟ್ರಾಕ್ಟರೊಬ್ಬರು ಸಿದ್ಧರಾಗಿದ್ದರು. ಅವರ ಷರತ್ತು ಒಂದೇ. ಅದನ್ನು ಯೂದನ ಕುರ್ಚಿ ಎನ್ನಬಾರದು, ಅವನ ಜಾಗಕ್ಕೆ ಆಮೇಲೆ ಬಂದ ಮತ್ತೀಯನ ಕುರ್ಚಿ ಎನ್ನಬೇಕು. ಮಂಡಳಿ ಒಪ್ಪಿತ್ತು. ಬೈಬಲನ್ನು ತಿದ್ದುವುದು ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ.

ಕ್ರಿಸಾಂತಾ ಫಾದರ್ ಹತ್ತಿರ ಹೋದಳು. ಅವರು ಸೋಂಕಿನ ಬಗ್ಗೆ ಹೇಳಿದರು, ಜೂನಿನಲ್ಲಿ ಬಡವರಿಗಾಗಿಯೇ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳೋಣ ಎಂದರು. ಅವಳು ಕೇಳಿದ್ದು ಒಂದೇ ಮಾತು.

"ಸ್ವಾಮಿ ಆವತ್ತು ಯಾರಿಗೆ ಕಾಲು ತೊಳ್ಕೊಂಡು ಬನ್ನಿ ಅಂದಿದ್ರು ಫಾದರ್?"

ಫಾದರ್ ಗಡಿಯಾರ ನೋಡಿಕೊಂಡರಂತೆ.

ಸುದ್ದಿ ತಿಳಿದ ದೊಲ್ಪೊ ಜಗಳ ಮಾಡಲಿಲ್ಲ. ಈ ಸಲವೂ ಕೂತಿದ್ದರೆ ಮೂವತ್ತೊಂದು ವರ್ಷ ಆಗುತ್ತಿತ್ತು ಎಂದನಂತೆ. ಅದನ್ನು ನನಗೆ ಹೇಳುವಾಗ ಕ್ರಿಸಾಂತಾ ಕತ್ತರಿಯನ್ನು ಅಗತ್ಯಕ್ಕಿಂತ ಜೋರಾಗಿ ಒರೆಸುತ್ತಿದ್ದಳು. ಏನು ಮಾಡುತ್ತೀಯ ಎಂದು ಕೇಳಿದೆ. "ನೀನು ಓದು, ಟೀಚರ್. ನಿನಗೆ ಅದು ಚೆನ್ನಾಗಿ ಬರುತ್ತೆ" ಎಂದಳು. ಅವಳು ನನಗೆ ಆಡಿದ ಕೊನೆಯ ಮಾತು ಅದು. ಅದು ಹೊಗಳಿಕೆಯಲ್ಲ ಎಂದು ನನಗೆ ಗೊತ್ತು.

ಗುರುವಾರ ನಾಲ್ಕು ಗಂಟೆಗೆ ಹನ್ನೆರಡು ಗಣ್ಯರು ಪ್ಯಾಂಟು ಮಡಚಿಕೊಂಡು ಚರ್ಚಿನ ಹಿಂದೆ ನಲ್ಲಿಯ ಬಳಿ ನಿಂತರು. ಸ್ಟೂಲಿರಲಿಲ್ಲ, ಬೇಸಿನ್ನಿರಲಿಲ್ಲ, ಕ್ರಿಸಾಂತಾ ಇರಲಿಲ್ಲ. ತಾವೇ ಬಗ್ಗಿ ತೊಳೆದುಕೊಳ್ಳಬಹುದಿತ್ತು. ಅದು ಯಾರಿಗೂ ಹೊಳೆಯಲಿಲ್ಲ. ನಿಲುವಂಗಿಗಳನ್ನು ಒಗೆದಿಡುವವಳೂ ಅವಳೇ. ಹನ್ನೊಂದು ಸಿಕ್ಕವು, ಹಳದಿಯದು ಸಿಗಲಿಲ್ಲ. ಮತ್ತೀಯ ತನ್ನ ಹೂವಿನ ಅಂಗಿಯಲ್ಲೇ ಕೂತ.

ಐದಕ್ಕೆ ಪೂಜೆ ಶುರುವಾಯಿತು. ನಾನು ನನ್ನ ಪಾಠ ಚೆನ್ನಾಗಿಯೇ ಓದಿದೆ. ಫಾದರ್ ಮೊಣಕಾಲೂರಿದರು. ಶ್ರೀಮಂತರ ಕಾಲು ಬೂಟಿನೊಳಗೆ ಏನಾಗಿರುತ್ತದೆಂದು ಕ್ರಿಸಾಂತಾಳನ್ನು ಬಿಟ್ಟರೆ ಊರಿಗೆ ಗೊತ್ತಿರಲಿಲ್ಲ. ಬೂಷ್ಟು ಹಿಡಿದ ಉಗುರು, ಬಿರುಕಿನೊಳಗೆ ವರ್ಷಗಟ್ಟಲೆ ಕೂತ ಕೊಳೆ, ಬೆವರು. ಮೂರನೆಯ ಪ್ರೇಷಿತನ ಹೊತ್ತಿಗೆ ನೀರು ಕಾಫಿಯ ಬಣ್ಣಕ್ಕೆ ಬಂತು. ಐದನೆಯವನಿಂದ ಮುತ್ತು ಪಾದಕ್ಕಿಂತ ಒಂದು ಮೊಳ ಮೇಲೆಯೇ ನಿಂತುಬಿಟ್ಟಿತು. ಫೋನು ಹಿಡಿದವನು ಹೂದಾನಿಯತ್ತ ತಿರುಗಿದ. ರೋಮಿನ ಮಕ್ಕಳು ಈ ಸಲ ಬಹಳ ಹೊತ್ತು ಹೂವು ನೋಡಿದರು.

ಪೂಜೆ ಮುಗಿದೊಡನೆ ಉಪ್ಪಿನ ಗದ್ದೆಯ ಬಳಿಯ ದೊಲ್ಪೊನ ಗುಡಿಸಲಿಗೆ ಹೊರಟೆ. ತಡವಾಗಿತ್ತು, ಕ್ರಿಸಾಂತಾ ಹೋಗಿಬಿಟ್ಟಿದ್ದಳು. ದೊಲ್ಪೊ ಬೆಂಚಿನ ಮೇಲೆ ಹಳದಿ ನಿಲುವಂಗಿಯಲ್ಲೇ ಕೂತಿದ್ದ. ಪಕ್ಕದ ಮನೆಯವರು ಅವಳನ್ನು ಚಾಪೆಯ ಮೇಲೆ ಮಲಗಿಸಿದ್ದರು. ಅವಳ ಕೈಗಳು ಇನ್ನೂ ಒದ್ದೆಯಾಗಿದ್ದವು. ಕೆಲಸ ಮುಗಿಸಿ ಏಳುವಾಗ ಅಲ್ಲೇ ಕುಸಿದಳಂತೆ. ನಡೆದದ್ದನ್ನು ಅವನೇ ಹೇಳಿದ.

ಮಧ್ಯಾಹ್ನವೇ ಬಂದಳಂತೆ. ಬಾವಿಯಿಂದ ತಾನೇ ನೀರು ಹೊತ್ತು ತಂದು ಕಾಯಿಸಿದಳಂತೆ. ಪೂಜೆಯ ಹೊತ್ತಿಗೆ ಸರಿಯಾಗಿ ನಿಲುವಂಗಿಯನ್ನು ಅವನ ತಲೆಯ ಮೇಲಿಂದ ಹಾಕಿ, "ಕೂತ್ಕೊ. ಮೂವತ್ತೊಂದು ಆಯ್ತು" ಎಂದಳಂತೆ. ಎರಡೂ ಕಾಲು ತೊಳೆದಳು, ಹುಣ್ಣಿಗೆ ಹೊಸ ಬಟ್ಟೆ ಕಟ್ಟಿದಳು. ಫಾದರ್ ಹಾಗೆ ಮುತ್ತು ಕೊಡಲ್ವಾ ಮನಾಂಗ್ ಎಂದು ಅವನು ರೇಗಿಸಿದನಂತೆ.

"ಮುತ್ತು ಕೊಟ್ರೆ ಉಗುರು ಗಿಡ್ಡ ಆಗುತ್ತೇನೋ?" ಎಂದಳಂತೆ.

ಎಂಟು ಬೆರಳಿನ ಉಗುರನ್ನೂ ನಿಧಾನವಾಗಿ ಕತ್ತರಿಸಿದಳು. ಬರಿಗಾಲಿನವನಿಗೆ ಚುಚ್ಚೀತೆಂದು ತುಂಡುಗಳನ್ನು ಒಂದೊಂದಾಗಿ ನೆಲದಿಂದ ಹೆಕ್ಕಿ, ಕಾಗದದಲ್ಲಿ ಮಡಚಿ, ತನ್ನ ಜೇಬಿಗೆ ಹಾಕಿಕೊಂಡಳು.