ಹಾಸಿಗೆ ಹಾಸುವ ಮೊದಲು

ಮಕ್ಕಳ ವೈದ್ಯಶಾಸ್ತ್ರದಲ್ಲಿ ಹೆಸರು ಮಾಡಿದವರು ಬಹಳ ಮಂದಿ. ಅಪರೂಪದ ಕಾಯಿಲೆಗಳನ್ನು ಕಂಡುಹಿಡಿದವರಿದ್ದಾರೆ, ಹೃದಯದ ರಂಧ್ರ ಮುಚ್ಚಿದವರಿದ್ದಾರೆ, ಸಮ್ಮೇಳನಗಳಲ್ಲಿ ಚಪ್ಪಾಳೆ ಗಿಟ್ಟಿಸಿದವರಂತೂ ಲೆಕ್ಕವಿಲ್ಲದಷ್ಟು ಇದ್ದಾರೆ. ಈ ಅಭಿನಂದನಾ ಸಂಪುಟದ ಮೂಲಕ ನಾವು ಗೌರವಿಸುತ್ತಿರುವ, ನಮ್ಮ ಮಕ್ಕಳ ವಿಭಾಗದ ಮುಖ್ಯಸ್ಥೆಯಾಗಿ ನಿವೃತ್ತರಾದ ಡಾಕ್ಟರಮ್ಮ ಈ ಯಾವ ಸಾಲಿಗೂ ಸೇರಿದವರಲ್ಲ. ಎಲ್ಲರೂ ಮಾಮೂಲಿ ನೆಗಡಿಯೆಂದು ತಳ್ಳಿಹಾಕುವ ಫ್ಲೂ ಜ್ವರದ ಬೆನ್ನು ಬಿದ್ದವರು ಅವರು. ಆಸ್ಪತ್ರೆ ಸೇರುವಷ್ಟು ಬಳಲಿದ ಎಳೆಯ ಮಗುವಿಗೆ ಫ್ಲೂ ಎಂಬ ಅನುಮಾನ ಬಂದೊಡನೆ ಔಷಧ ಕೊಡಿ, ಪರೀಕ್ಷೆಯ ವರದಿಗೆ ಕಾಯಬೇಡಿ ಎಂಬ ಒಂದೇ ಮಾತನ್ನು ಸೇವಾವಧಿಯುದ್ದಕ್ಕೂ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡವರು. ಅವರ ಶಿಷ್ಯೆಯಾಗಿ, ಆಮೇಲೆ ಸಹೋದ್ಯೋಗಿಯಾಗಿ ಜೊತೆಗಿದ್ದ ನನಗೆ ಸಂಪಾದಕರು, ಸಂತೋಷದ ಸಂಗತಿಗಳನ್ನೇ ಬರೆಯಬೇಕೆಂದು ತಾಕೀತು ಮಾಡಿದ್ದಾರೆ. ಪ್ರಯತ್ನ ಮಾಡುತ್ತೇನೆ.

ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಆಸ್ಪತ್ರೆಯ ಪದ್ಧತಿ ಬೇರೆಯಿತ್ತು. ಫ್ಲೂ ಔಷಧ ಔಷಧಾಲಯದ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿತ್ತು. ಪ್ರಯೋಗಾಲಯದ ವರದಿ ತೋರಿಸಿದರೆ ಮಾತ್ರ ಬೀಗ ತೆಗೆಯುತ್ತಿದ್ದರು. ಆಗಿನ ಒಂದು ಚಳಿಗಾಲದಲ್ಲಿ ಒಬ್ಬ ದರ್ಜಿಯ ಮಗಳು ದಾಖಲಾದಳು, ಇನ್ನೂ ತೊದಲು ಮಾತಾಡುವ ವಯಸ್ಸು. ಅಪ್ಪನೇ ಹೊಲಿದ ದಪ್ಪ ಅಂಗಿಯೊಳಗೆ ಅವಳ ಪಕ್ಕೆಗಳು ಉಸಿರಿಗಾಗಿ ಒಳಕ್ಕೆ ಹೋಗುತ್ತಿದ್ದವಂತೆ. ಡಾಕ್ಟರಮ್ಮ ನಿಯಮದಂತೆ ವರದಿಗಾಗಿ ಕಾದರು. ವರದಿ ಬಂದಾಗ ಹಾಸಿಗೆ ಖಾಲಿಯಾಗಿತ್ತು. ಪ್ರಯೋಗಾಲಯದ ಜವಾನ ಹಾಳೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು, "ಪಾಸಿಟಿವ್ ಬಂದಿದೆ ಮೇಡಂ. ಇದನ್ನ ಯಾರಿಗೆ ಕೊಡ್ಲಿ?" ಎಂದು ಕೇಳಿದನಂತೆ. ಇದನ್ನು ಅವರು ನನಗೆ ಹೇಳಿದ್ದು ಒಮ್ಮೆ ಮಾತ್ರ. ಹೇಳಿ ಮುಗಿಸಿ ಎದ್ದು ಹೋಗಿ ಕೈ ತೊಳೆದುಕೊಂಡರು.

ಅಲ್ಲಿಂದಾಚೆಗೆ ಅವರು ಮೇಲಿನವರ ಕೈಕಾಲು ಹಿಡಿದು, ಬೇಕಾದಾಗ ಜಗಳವಾಡಿ, ಔಷಧವನ್ನು ಬೀಗದಿಂದ ಬಿಡಿಸಿ ವಾರ್ಡಿಗೆ ತಂದರು. ಜೊತೆಗೆ ತಮ್ಮದೇ ಒಂದು ಕಟ್ಟಳೆ ಮಾಡಿದರು: ಫ್ಲೂ ಅನುಮಾನವಿರುವ ಮಗು ಮೊದಲ ಗುಟುಕು ಔಷಧ ನುಂಗುವವರೆಗೆ ಅದರ ಹಾಸಿಗೆಗೆ ಹೊದಿಕೆ ಹಾಸಕೂಡದು. ಉಸಿರು ಕಟ್ಟುತ್ತಿದ್ದರೆ ಆಮ್ಲಜನಕ ಕೊಡುತ್ತಿದ್ದರು, ಮೂಗಿನಿಂದ ಮಾದರಿ ತೆಗೆದು ಪರೀಕ್ಷೆಗೂ ಕಳಿಸುತ್ತಿದ್ದರು. ಆದರೆ ತಾಯಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತಿರುವಾಗಲೇ ಔಷಧ ಹೊಟ್ಟೆ ಸೇರಬೇಕು. ಹಸುಗೂಸುಗಳಿಗೆ ಕುಡಿಸುವ ದ್ರವರೂಪದ ಔಷಧ ಸಿಗದ ದಿನಗಳಲ್ಲಿ ಅವರೇ ಕ್ಯಾಪ್ಸೂಲ್ ಬಿಚ್ಚಿ, ಪುಡಿಯನ್ನು ತೂಕಕ್ಕೆ ತಕ್ಕಂತೆ ಸಕ್ಕರೆ ಪಾಕದಲ್ಲಿ ಕದಡುತ್ತಿದ್ದರು. ಎಷ್ಟು ಸಕ್ಕರೆ ಹಾಕಿದರೂ ಕಹಿ ಹೋಗುತ್ತಿರಲಿಲ್ಲ. ಮಕ್ಕಳು ಅವರಿಗೆ 'ಕಹಿ ಡಾಕ್ಟರಮ್ಮ' ಎಂದು ಹೆಸರಿಟ್ಟವು. ಆ ಬಿರುದಿನ ಮುಂದೆ ಈ ಸಂಪುಟದ ಸಮಿತಿ ಕೊಡುತ್ತಿರುವ ಬಿರುದು ಸಪ್ಪೆಯೇ.

ವಾರ್ಡಿನ ಆಯಾ ಮಡಿಸಿದ ಹೊದಿಕೆಯನ್ನು ಹೆಗಲ ಮೇಲೆ ಹಾಕಿಕೊಂಡು ಕಾಯುತ್ತಿದ್ದ ಚಿತ್ರ ನನ್ನ ಕಣ್ಣಿಗೆ ಕಟ್ಟಿದಂತಿದೆ. "ಹಾಸ್ಲಾ ಡಾಕ್ಟರಮ್ಮ?" ಎಂದು ಆಕೆ ಕೇಳಿದರೆ, "ನುಂಗ್ತಾ ಮಗು?" ಎಂದು ಇವರ ಮರುಪ್ರಶ್ನೆ. ಒಮ್ಮೆ ಒಬ್ಬ ಅಜ್ಜಿಗೆ ಪಿತ್ತ ನೆತ್ತಿಗೇರಿತು. "ಮಗು ಕೆಂಡದ ಹಾಗೆ ಸುಡ್ತಾ ಇದೆ, ಮಲಗೋಕೆ ಒಂದು ಹಾಸಿಗೆ ಕೊಡೋ ಯೋಗ್ಯತೆ ಇಲ್ವಾ ನಿಮಗೆ? ಇದು ಆಸ್ಪತ್ರೆನೋ ಬಸ್ ನಿಲ್ದಾಣನೋ?" ಎಂದು ಕೂಗಾಡಿದರು. ಡಾಕ್ಟರಮ್ಮ ಮೊಮ್ಮಗನ ಕೆನ್ನೆಯೊಳಕ್ಕೆ ಹನಿಹನಿಯಾಗಿ ಔಷಧ ಬಿಡುತ್ತಲೇ, "ಬೈಯ್ರಿ ಅಜ್ಜಿ, ಚೆನ್ನಾಗಿ ಬೈಯ್ರಿ. ಆದ್ರೆ ಇವನ ತಲೆ ಅಲ್ಲಾಡದ ಹಾಗೆ ಹಿಡ್ಕೊಂಡು ಬೈಯ್ರಿ" ಎಂದರು. ಅಜ್ಜಿ ಹಿಡಿದುಕೊಂಡೇ ಬೈದರು. ಹುಡುಗ ಗುಣವಾಗಿ ಮನೆಗೆ ಹೋಗುವಾಗ ಅದೇ ಅಜ್ಜಿ ಡಾಕ್ಟರಮ್ಮನ ಕೈಗಳನ್ನು ಕಣ್ಣಿಗೊತ್ತಿಕೊಂಡರು.

ಎಲ್ಲ ಮಕ್ಕಳೂ ಉಳಿಯಲಿಲ್ಲ. ಈ ಔಷಧ ಸಂಜೀವಿನಿಯಲ್ಲ, ತಡವಾಗಿ ಬಂದ ಮಕ್ಕಳಲ್ಲಿ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ ಎಂದು ಅವರೇ ನಮಗೆ ಪಾಠ ಹೇಳುತ್ತಿದ್ದರು. ಅದಕ್ಕೇ ಅವರಿಗೆ ಅಷ್ಟು ಆತುರ. ಪರಿಶೀಲನಾ ಸಭೆಯಲ್ಲಿ ಆಡಳಿತಾಧಿಕಾರಿ, "ನೀವು ಔಷಧ ಕೊಟ್ಟ ಅರ್ಧ ಮಕ್ಕಳಿಗೆ ಫ್ಲೂ ಇರಲೇ ಇಲ್ವಲ್ಲ ಮೇಡಂ" ಎಂದಾಗ ಅವರು, "ಇನ್ನರ್ಧಕ್ಕೆ ಇತ್ತಲ್ಲ ಸಾರ್" ಎಂದಷ್ಟೇ ಹೇಳಿ ಕೂತರು. ಅವರು ಇರುವವರೆಗೆ ಆ ಮಾತು ಮತ್ತೆ ಏಳಲಿಲ್ಲ.

ಅವರು ನಿವೃತ್ತರಾಗಿ ಹೋದ ಮೇಲೆ ಎದ್ದಿತು. ಬೀಳ್ಕೊಡುಗೆಯ ಹೂಗುಚ್ಛ ಬಾಡುವ ಮೊದಲೇ ಸುತ್ತೋಲೆ ಬಂತು: ಮೊದಲು ವರದಿ, ಆಮೇಲೆ ಔಷಧ. ವಾರ್ಡಿನಲ್ಲಿದ್ದ ಔಷಧ ಔಷಧಾಲಯದ ಬೀಗದ ಕಪಾಟಿಗೆ ಮರಳಿತು. ನಾನು ಅಧಿಕಾರಿಗಳ ಬಾಗಿಲು ತಟ್ಟಿದೆ, ಬರೆದೆ, ಬೇಡಿದೆ, ಕೂಗಾಡಿದೆ. ನನ್ನ ಮಾತಿಗೆ ಕವಡೆ ಕಿಮ್ಮತ್ತು ಸಿಗಲಿಲ್ಲ. ವಾರ್ಡು ಅಚ್ಚುಕಟ್ಟಾಗಿ ಕಾಣಲೆಂದು ಬೆಳಿಗ್ಗೆಯೇ ಎಲ್ಲ ಹಾಸಿಗೆಗಳಿಗೂ ಹೊದಿಕೆ ಹಾಸುವಂತೆ ಆಯಾಗೆ ಅಪ್ಪಣೆಯಾಯಿತು. ಹಳೆಯ ಅಭ್ಯಾಸದಿಂದ ಹೊದಿಕೆ ಹೆಗಲಿಗೇರಿಸಿ ನಿಂತ ಆಕೆಯನ್ನು ಹೊಸ ಮೇಲ್ವಿಚಾರಕಿ ಎಲ್ಲರೆದುರು ಗದರಿಸಿದಳು.

ಈ ಲೇಖನ ಅರ್ಧ ಬರೆದಿಟ್ಟಿದ್ದ ವಾರ ಒಬ್ಬ ಬಡಗಿಯ ಪುಟ್ಟ ಮಗ ಜ್ವರದಲ್ಲಿ ಏದುಸಿರು ಬಿಡುತ್ತ ಬಂದ. ಅವನಿಗೆ ಬಂದ ಕೂಡಲೇ ಹಾಸಿಗೆ ಸಿಕ್ಕಿತು. ಹೊದಿಕೆ ಬಿಳುಪಾಗಿತ್ತು, ಸುಕ್ಕಿರಲಿಲ್ಲ. ನಾನು ಔಷಧಾಲಯದ ಕಿಟಕಿಗೆ ಹೋಗಿ ಅಂಗಲಾಚಿದೆ. "ವರದಿ ತನ್ನಿ ಡಾಕ್ಟ್ರೇ, ನನ್ನ ಕೆಲಸ ಹೋಗುತ್ತೆ" ಎಂದು ಕಿಟಕಿಯೊಳಗಿನ ಔಷಧಗಾರ ತಲೆ ತಗ್ಗಿಸಿದ. ವರದಿ ಬಂತು, ಫ್ಲೂ ಹೌದೆಂದಿತು, ಬೀಗವೂ ತೆರೆಯಿತು. ಅಷ್ಟರಲ್ಲಿ ಹುಡುಗ ನುಂಗುವ ಸ್ಥಿತಿಯಲ್ಲಿರಲಿಲ್ಲ. ಕೊಳವೆಯಿಂದ ಕೊಟ್ಟೆವು. ಮೊದಲೇ ಕೊಟ್ಟಿದ್ದರೆ ಉಳಿಯುತ್ತಿದ್ದನೆಂದು ನಾನು ಆಣೆ ಮಾಡಿ ಹೇಳಲಾರೆ. ಅವನ ಅಪ್ಪ ಹೊದಿಕೆಯನ್ನು ಮಡಿಸಿಟ್ಟು, ಮಗನನ್ನು ಎತ್ತಿಕೊಂಡು ಹೋದ.

ಅಂದು ಸಂಜೆ ಡಾಕ್ಟರಮ್ಮ ಎಂದಿನಂತೆ ಫೋನ್ ಮಾಡಿ, "ಏನಮ್ಮಾ, ಮಕ್ಕಳೆಲ್ಲ ಹೇಗಿದಾರೆ?" ಎಂದರು. "ಚೆನ್ನಾಗಿದಾರೆ ಮೇಡಂ" ಎಂದೆ. "ಆಯಾಗೆ ಸೊಂಟನೋವು ಹೇಗಿದೆ? ಹೊದಿಕೆ ಹೊತ್ಕೊಂಡು ತುಂಬಾ ಹೊತ್ತು ನಿಲ್ಲಿಸ್ಬೇಡ ಅವಳನ್ನ" ಎಂದರು. ಹೂಂ ಎಂದೆ.

ಇಂಥ ಬರಹಗಳು ಹಾರೈಕೆಯಿಂದ ಮುಗಿಯಬೇಕು. ಹಾರೈಸುತ್ತೇನೆ: ಮೇಡಂ, ನಿಮ್ಮ ಆಯುಸ್ಸು ಗಟ್ಟಿಯಿರಲಿ, ಆ ಕಹಿ ಕದಡಿದ ಕೈಗಳು ನಡುಗದಿರಲಿ, ಪಾಠ ಹೇಳಲು ನಿಮಗೆ ಇನ್ನೆಲ್ಲಾದರೂ ಕೇಳುವ ಕಿವಿಗಳು ಸಿಗಲಿ. ಸಮಾರಂಭಕ್ಕೆ ಬನ್ನಿ, ಸಭಾಂಗಣ ಚೆನ್ನಾಗಿ ಅಲಂಕರಿಸಿದ್ದಾರೆ. ಮಹಡಿ ಹತ್ತಿ ನಮ್ಮ ವಾರ್ಡಿಗೆ ಮಾತ್ರ ಬರಬೇಡಿ. ಅಲ್ಲಿ ಹಾಸಿಗೆಗಳೆಲ್ಲ ಹಾಸಿಯೇ ಇವೆ.